ಕೊನೆಯ ಸಾಲಿಗೂ ಕೇಳುವ ಅಕ್ಷರ

ಮಸ್ಕಿ
9 ಮಾರ್ಚ್ 2025

ಹಾರ್ಮೋನಿಯಂ ಪೇಟಿಯ ಸರದಾರ, ಜೀವದ ದೋಸ್ತ ನಬೀಸಾಬನಿಗೆ,

ಲಿಂಗಸುಗೂರಿನಲ್ಲಿ ಕೂತು ನೀನು ನನ್ನನ್ನು ಬೈಯುತ್ತಿರುವುದು ಮಸ್ಕಿಗೂ ಕೇಳಿಸುತ್ತಿದೆ! ಬೈಯಪ್ಪ, ಬೈ. ನಿನ್ನ ಫೋನು ಬಂದಾಗಲೆಲ್ಲ ಅದು ಅರಚಿ ಅರಚಿ ಸುಮ್ಮನಾಗುವವರೆಗೂ ನೋಡುತ್ತ ಕೂತ ಪಾಪಿ ನಾನು. ರಹೀಮಾಬೀ ಅತ್ತಿಗೆಯ ಮೊಣಕಾಲು ಹೇಗಿದೆ ಎಂದು ಕೇಳುವ ಮೋರೆಯೂ ನನಗಿಲ್ಲ. ಆದರೂ ಕೇಳಿದ್ದೇನೆ ಎಂದು ಹೇಳು. ಇರಲಿ. ಮೂರನೇ ಬೆಲ್ಲು ಹೊಡೆದಿದೆ, ಪರದೆ ಏಳುತ್ತಿದೆ, ಕಿವಿಗೊಡು!

ದಢೇಸುಗೂರಿನ ಹುಡುಗರು ಎಂದಿನಂತೆ ಯುಗಾದಿ ನಾಟಕಕ್ಕೆ ನನಗೆ ವೀಳ್ಯ ಕೊಡಲು ಬಂದರು. ಈ ಸಲ ತಾಲೀಮಿನಲ್ಲಿ ನಿಂತು ಮಾತು ಹೇಳಿಕೊಡುವುದು ನನ್ನಿಂದಾಗದು. ಯಾಕೆಂಬುದನ್ನು ಪರದೆ ಬಿದ್ದ ಮೇಲೆ ತಿಳಿಸುತ್ತೇನೆ. ನನ್ನ ಪರವಾಗಿ ನನ್ನಾಕೆ ಪಾರ್ವತೆಮ್ಮನೇ ಅವರಿಗೆ ಹೇಳಿದಳು. ಖಳನಾಯಕ ಸಾಹುಕಾರನ ಪಾತ್ರಧಾರಿ ನಿಂಗರಾಜ, ವೀಳ್ಯದ ತಟ್ಟೆ ಹಿಡಿದವನು ಹೊಸ್ತಿಲಲ್ಲೇ ನಿಂತುಬಿಟ್ಟ.

“ಅಮಾಸಿತನಾ ಕಾಯ್ತೀವ್ರಿ ಮಾಸ್ತರ. ಏನೂ ದಾರಿ ಆಗಲಿಲ್ಲಂದ್ರ ಸಿಂಧನೂರಿನ ಮಾಸ್ತರನ್ನ ಕೇಳ್ಬೇಕಾಗ್ತೈತ್ರಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ.”

ಬೇಸರವೇ? ಅವನ ಅಪ್ಪನಿಗೆ ಮೀಸೆ ಅಂಟಿಸಿದ ಕೈ ಇದು! ತಟ್ಟೆ ಓಣಿಯ ತಿರುವು ದಾಟುವವರೆಗೆ ನೋಡಿದೆ. ಅದು ನನ್ನ ಬದುಕೇ ಎದ್ದು ಹೊರಟಂತೆ ಕಂಡಿತು.

ನಮ್ಮ ದೀಪಾ ಇಲ್ಲಿನ ಆನ್‌ಲೈನ್ ಸೆಂಟರಿನಲ್ಲಿ ಕೆಲಸಕ್ಕಿದ್ದಾಳಲ್ಲ, ಅಂದೇ ಸಂಜೆ ಒಂದು ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು. ವೆಬ್ ಪುಟದ ಅಕ್ಷರಕ್ಕೆ ಬಣ್ಣ, ಗಾತ್ರ, ಅಂತರ ಕೊಡುವುದನ್ನು ಏನೂ ಅರಿಯದವನಿಗೆ ಕಲಿಸುವ ಪುಸ್ತಕ.

“ಅಪ್ಪಾ, ನಾಟಕದ ಮಾತೆಲ್ಲಾ ಒಂದ ಪುಟದಾಗ ಹಾಕು. ಹುಡುಗರು ಫೋನಿನಾಗ ತೆಗೆದು ನೋಡ್ತಾರ. ಹೆಂಗ ಹೇಳಬೇಕನ್ನೂದನ್ನ ಅಕ್ಷರಾನ ಹೇಳಲಿ.”

ಒಲೆಯ ಮುಂದಿನಿಂದ ಪಾರ್ವತೆಮ್ಮನ ಬಾಣ ಬಂತು: “ಮಾರಿಗೆ ಬಣ್ಣಾ ಹಚ್ಚೂದು ಮುಗೀತು, ಇನ್ನ ಕಂಪ್ಯೂಟರಿಗೆ ಹಚ್ಚಾಕ ಹೊಂಟಾರ!”

ಎಂಥ ಸಜ್ಜನ ಪುಸ್ತಕ ಅಂತೀ ನಬೀ! ನಮ್ಮ ಗುರುಗಳು ತಾಳ ತಪ್ಪಿದರೆ ಕೋಲು ಬೀಸುತ್ತಿದ್ದರು. ಇದು ‘ತಪ್ಪಾಯಿತೇ? ಗಾಬರಿ ಬೇಡ, ಅಳಿಸಿ ಮತ್ತೆ ಬರೆಯಿರಿ’ ಎಂದು ಬೆನ್ನು ಸವರುತ್ತದೆ. ಮಾತನ್ನು ಒಂದು ಕಡೆ ಬರೆಯಬೇಕು, ಅದರ ವೇಷವನ್ನು ಇನ್ನೊಂದು ಕಡೆ. ಪ್ರತಿ ವೇಷಕ್ಕೂ ಒಂದು ಹೆಸರು. ‘ಸಿಟ್ಟು’ ಎಂಬ ವೇಷ ಮಾಡಿ ಕೆಂಪು ಕೊಟ್ಟೆ. ಆ ಹೆಸರು ಹೊತ್ತ ಮಾತೆಲ್ಲ ಒಂದೇ ಏಟಿಗೆ ಕೆಂಡವಾದವು! ನಮ್ಮ ಕಂಪನಿಯಲ್ಲಿ ಸೈನಿಕರಿಗೆ ಒಬ್ಬೊಬ್ಬರಿಗೇ ಬಣ್ಣ ಹಚ್ಚಿ ಮುಗಿಸುವಷ್ಟರಲ್ಲಿ ಜನ ಸೀಟಿ ಹೊಡೆಯಲು ಶುರುಮಾಡುತ್ತಿದ್ದರು, ನೆನಪಿದೆಯೇ?

ಆದರೆ ರಂಗದ ಚಟ ಎಲ್ಲಿ ಬಿಟ್ಟೀತು! ಪ್ರತಿ ಮಾತೂ ಕೊನೆಯ ಸಾಲಿನವನಿಗೆ ಮುಟ್ಟಬೇಕೆಂದು ಕಲಿತವನು ನಾನು. ಎಲ್ಲ ಮಾತನ್ನೂ ದೊಡ್ಡದಾಗಿ, ದಪ್ಪವಾಗಿ ಮಾಡಿ ಹುಡುಗರ ಫೋನಿಗೆ ಕಳಿಸಿದೆ. ಸಾಹುಕಾರನ ಕೊನೆಯ ದೃಶ್ಯ ನಿನಗೆ ಗೊತ್ತಲ್ಲ: “ಈ ಊರಿನ ಬಾಗಿಲೆಲ್ಲ ನನ್ನ ಹೆಸರು ಕೇಳಿದರೆ ತಾವೇ ತೆರೆಯುತ್ತವೆ! ಅವ್ವಾ, ನಿನ್ನ ಬಾಗಿಲೊಂದೇ ಯಾಕೆ ಮುಚ್ಚಿದೆ?”

ನಿಂಗರಾಜ ಮನೆಯಂಗಳದಲ್ಲಿ ಅದನ್ನು ಹೇಳಿದ ವಿಡಿಯೋ ಬಂತು. ‘ಅವ್ವಾ’ ಎಂದು ಅವನು ಗುಡುಗಿದ ಹೊಡೆತಕ್ಕೆ ಅವನ ಹೆತ್ತತಾಯಿ ಶಿವಲಿಂಗಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಬಾಗಲಾ ತೆರದ ಐತಲ್ಲೋ! ಯಾಕ ಹಿಂಗ ಒದರಾಕತ್ತಿ? ಓಣಿ ಮಂದಿ ಏನ್ ತಿಳ್ಕೋಬೇಕು!”

ಹುಡುಗರು ಬಿದ್ದು ಬಿದ್ದು ನಕ್ಕರು. ನಗು ಇರಬಾರದ ಜಾಗದಲ್ಲಿ ನಗು! ನಾನು ಪುಸ್ತಕ ಮುಚ್ಚಿ ಗೋಡೆಗೆ ಮುಖ ಮಾಡಿ ಮಲಗಿದೆ. ಅಮಾವಾಸ್ಯೆ ಬಾಗಿಲಿಗೇ ಬಂದಿತ್ತು.

ದೀಪಾ ಪಕ್ಕಕ್ಕೆ ಬಂದು ಕೂತಳು. “ಅಪ್ಪಾ, ಫೋನು ಮಾರಿ ಮುಂದ ಇರ್ತೈತಿ. ಅಲ್ಲಿ ಹಿಂದಿನ ಸಾಲ ಇಲ್ಲ. ಕಿವಿಯಾಗ ಹೇಳಿದಂಗ ಬರಿ.”

ಮತ್ತೆ ಪುಸ್ತಕ ಬಿಚ್ಚಿದೆ. ಅಂತರದ ಅಧ್ಯಾಯ ಹಿಡಿದೆ. ಬಾಗಿಲುಗಳ ಮಾತು ದೊಡ್ಡದಾಗಿ, ಕೆಂಪಾಗಿಯೇ ಇರಲಿ. ಅದರ ಕೆಳಗೆ ಫೋನಿನ ಪರದೆಯಷ್ಟು ಖಾಲಿ ಜಾಗ ಬಿಟ್ಟೆ. ಬೆರಳಿನಿಂದ ಪುಟವನ್ನು ಮೇಲಕ್ಕೆಳೆಯುವಷ್ಟು ಹೊತ್ತು ಮೌನ! ಆಮೇಲೆ, ಬೂದಿ ಬಣ್ಣದಲ್ಲಿ, ಸಣ್ಣಗೆ, ಅವ್ವನಿಗೆ ಹೇಳುವ ಮಾತು.

ಅಮಾವಾಸ್ಯೆಯ ಸಂಜೆ ದೀಪಾಳೊಂದಿಗೆ ಸಿಂಧನೂರಿನ ಬಸ್ಸು ಹಿಡಿದು, ಅಲ್ಲಿಂದ ಆಟೋ ಹತ್ತಿ ದಢೇಸುಗೂರಿಗೆ ಹೋದೆ. ಅಂಗಳದಲ್ಲಿ ಎಲ್ಲರಿಗಿಂತ ಹಿಂದೆ ಕೂತೆ. ನಿಂಗರಾಜ ಫೋನು ಹಿಡಿದು ಗರ್ಜಿಸಿದ. ಕಾಲುವೆ ದಂಡೆಯ ಕೊಕ್ಕರೆಗಳು ಎದ್ದು ಹಾರಿದವು. ಆಮೇಲೆ ಬೆರಳು ಎಳೆದ. ಎಳೆಯುತ್ತಲೇ ಹೋದ. ಅಂಗಳವೆಲ್ಲ ಗಪ್ಪು. ಸಣ್ಣ ಅಕ್ಷರ ಕಂಡೊಡನೆ ಅವನ ಭುಜ ತಾನಾಗಿಯೇ ಇಳಿಯಿತು ನಬೀ. ನಾನು ಹೇಳಿಕೊಡುವಾಗ ಇಳಿಸುತ್ತಿದ್ದೆನಲ್ಲ, ಹಾಗೆಯೇ! “ಅವ್ವಾ, ನಿನ್ನ ಬಾಗಿಲೊಂದೇ ಯಾಕೆ ಮುಚ್ಚಿದೆ?”

ಶಿವಲಿಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಈ ಸಲ ಓಡಿಬರಲಿಲ್ಲ. “ಮುಚ್ಚಿಲ್ಲೋ ನನ್ನಪ್ಪಾ,” ಅಂದಳು, ಸೆರಗು ಬಾಯಿಗೆ ಒತ್ತಿಕೊಂಡು. ಯಾರೂ ನಗಲಿಲ್ಲ.

ವೀಳ್ಯದ ತಟ್ಟೆ ನನ್ನ ಕೈಗೆ ಬಂತು. ಈಗ ನಾಯಕಿಯ ಮಾತಿಗೆ ವೇಷ ತೊಡಿಸುತ್ತಿದ್ದೇನೆ. ಯಾವ ಬಣ್ಣ ಕೊಟ್ಟರೂ ಪಾರ್ವತೆಮ್ಮ ತಕರಾರು ತೆಗೆಯುತ್ತಾಳೆ, ಮತ್ತು ಅವಳು ಹೇಳಿದ ಬಣ್ಣವೇ ಒಪ್ಪುತ್ತದೆ.

ಮೇಲಿನವನು ನಿನ್ನ ಬೆರಳುಗಳನ್ನು ಹಗುರಾಗಿಟ್ಟಿರಲಿ, ಅತ್ತಿಗೆಗೆ ನಡೆಯುವ ಕಾಲು ಕೊಡಲಿ, ನಿಮ್ಮ ಮನೆಯ ದೀಪಕ್ಕೆ ಎಣ್ಣೆ ತುಂಬಿರಲಿ.

ನಿನ್ನ
ಲಾಲಪ್ಪ ಮಾಸ್ತರ

ತಾ.ಕ.: ಪರದೆ ಬಿತ್ತು, ಇನ್ನು ಹೇಳುತ್ತೇನೆ. ದೀಪಾವಳಿಯ ಹೊತ್ತಿಗೆ ನನ್ನ ದನಿ ಒಡೆದಾಗ ‘ಕಲ್ಲುಸಕ್ರಿ ಬಾಯಾಗ ಇಟ್ಕೋಲೇ’ ಅಂದಿದ್ದೆಯಲ್ಲ, ಅದು ಕಲ್ಲುಸಕ್ಕರೆಗೆ ಬಗ್ಗುವುದಾಗಿರಲಿಲ್ಲ. ಗಂಟಲಲ್ಲಿ ಗಡ್ಡೆ. ಡಾಕ್ಟರು ಅದರ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದಾರೆ. ಜೀವಕ್ಕೆ ಭಯವಿಲ್ಲವಂತೆ. ದನಿ ಮಾತ್ರ ಹೋಯಿತು ನಬೀ, ಇನ್ನು ಬರುವುದಿಲ್ಲ. ಫೋನು ಎತ್ತಿದ್ದರೆ ನೀನು ‘ಹಲೋ, ಹಲೋ’ ಅನ್ನುತ್ತಿದ್ದೆ, ನಾನು ಸುಮ್ಮನೆ ಕೇಳುತ್ತ ಕೂತಿರಬೇಕಾಗಿತ್ತು. ಅದಕ್ಕೆ ಎತ್ತಲಿಲ್ಲ. ಇಷ್ಟು ವರ್ಷ ನಾಂದಿಗೆ ನಾನು ದನಿ ಎತ್ತಿದ ಮೇಲೆ ನಿನ್ನ ಪೇಟಿ ಹಿಂದೆ ಬರುತ್ತಿತ್ತು. ಯುಗಾದಿಗೆ ಬಾ. ಈ ಸಲ ಮೊದಲ ಸ್ವರ ನೀನೇ ಹಿಡಿ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.