ನಾನು ಒತ್ತದ ಒಪ್ಪಿಗೆ

ಸಂಜಯನಗರ, ಬೆಂಗಳೂರು
16 ಜನವರಿ 2025, ಗುರುವಾರ

ನನ್ನ ಬಂಗಾರದಂಥ ಶೀತಲ್,

ಹೇಗಿದ್ದೀಯವ್ವ? ಕೆಮ್ಮು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ, ಚಳಿಗೆ ಮೊಣಕಾಲು ನೋಯುತ್ತದೆ, ಅಷ್ಟೆ. ಶಿವಪ್ರಕಾಶನ ಏಟು ತಾಳಲಾರದೆ ನೀನು ಗಂಡನ ಮನೆ ಬಿಟ್ಟ ಮೇಲೆ ಎಲ್ಲಿದ್ದೀಯೆಂದು ನನ್ನನ್ನೂ ಎದುರುಮನೆಯ ಲೈಬಾಳನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹಾಗೇ ಇರಲಿ.

ಸುದ್ದಿಯೆಂದರೆ ನಮ್ಮ ಬ್ಯಾಂಕಿನದು. ಕಂಪ್ಯೂಟರಿನಲ್ಲಿ ಖಾತೆ ನೋಡುವುದನ್ನು ನಿಲ್ಲಿಸಿ, ಇನ್ನು ಎಲ್ಲವೂ ಮೊಬೈಲ್ ಆ್ಯಪಿನಲ್ಲೇ ಎಂದು ಎಲ್ಲರಿಗೂ ಸಂದೇಶ ಕಳಿಸಿದ್ದಾರೆ. ನೀನು ನನ್ನ ಫೋನಿಗೆ ಹಾಕಿಕೊಟ್ಟ, ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಬಹುದಾದ ಸ್ವತಂತ್ರ ತಂತ್ರಾಂಶವಿದೆಯಲ್ಲ, ಅದರಲ್ಲಿ ಈ ಆ್ಯಪ್ ತೆರೆಯುವುದೇ ಇಲ್ಲ. 'ಈ ಫೋನ್ ಸುರಕ್ಷಿತವಲ್ಲ' ಎಂದು ಮುಚ್ಚಿಕೊಳ್ಳುತ್ತದೆ. ನನ್ನ ಫೋನಿನ ಬಗ್ಗೆ ತೀರ್ಪು ಕೊಡಲು ಅದು ಯಾರು? ಸೋಮವಾರ ಕೌಂಟರಿನ ಸುಬ್ರಮಣಿಯವರನ್ನು ಕೇಳಿದರೆ, ಬೇರೆ ಫೋನ್ ಕೊಳ್ಳಿ ಎಂದರು. ಸಂದೇಶಗಳು, ಪರಿಚಯದವರ ನಂಬರುಗಳು, ನಾನಿರುವ ಜಾಗ ಎಲ್ಲಕ್ಕೂ ಅದು ಒಪ್ಪಿಗೆ ಕೇಳುತ್ತದಂತೆ. ಏಕೆ ಎಂದೆ. "ನಮ್ಗೂ ಗೊತ್ತಿಲ್ಲಮ್ಮ, ಎಲ್ರೂ ಓಕೆ ಒತ್ತುತಾರೆ, ನೀವೂ ಒತ್ಬಿಡಿ" ಎಂದರು. ಮನೆಗೆ ಬಂದವರು ಯಾರೆಂದು ಕೇಳದೆ ಬಾಗಿಲು ತೆಗೆಯದವಳು ನಾನು, ನಿನಗೆ ಗೊತ್ತಲ್ಲ.

ಯಾರು ಹೇಳಿದರೋ, ಮರುದಿನವೇ ಶಿವಪ್ರಕಾಶ ಹೊಸ ಫೋನ್ ಹಿಡಿದು ಬಂದ, ಆ್ಯಪನ್ನೂ ಕೂರಿಸಿಕೊಂಡು. ಎಂದೂ ಇಲ್ಲದ ಮೆದು ದನಿ. ನಿನ್ನ ಹೊಸ ನಂಬರನ್ನು ಮೊದಲು ಅದಕ್ಕೆ ಹಾಕಿಕೊಳ್ಳಿ ಎಂದು ಮತ್ತೆ ಮತ್ತೆ ಹೇಳಿದ. ನನ್ನ ಬಳಿ ಇಲ್ಲವೆಂದು ಸುಳ್ಳು ಹೇಳಿ, ಟೀ ಕುಡಿಸಿ, ಫೋನನ್ನೂ ಅವನ ಕೈಗೇ ಕೊಟ್ಟು ಕಳಿಸಿದೆ. ನಿನ್ನೆ ಬ್ಯಾಂಕಿಗೆ ಹೋಗಿ ಖಾತೆ ಮುಚ್ಚಿಸಿದೆ. ಆರ್.ಟಿ. ನಗರದ ಸಹಕಾರಿ ಬ್ಯಾಂಕಿನವರು ಇನ್ನೂ ಪಾಸ್‌ಬುಕ್ ಕೊಡುತ್ತಾರೆ. ಫೋನ್ ಯಾವುದೆಂದು ಕೇಳಲೂ ಇಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಹೆದರಿಕೆಯಿಲ್ಲದ ನಿದ್ದೆ ನಿನ್ನದಾಗಲಿ, ಅದೇ ನನ್ನ ಆಶೀರ್ವಾದ.

ನಿನ್ನ ಅವ್ವ,
ಶರಣವ್ವ

ವಿ.ಸೂ.: ಪತ್ರ ಮಡಿಸುವಷ್ಟರಲ್ಲಿ ಶಿವಪ್ರಕಾಶ ಮತ್ತೆ ಬಂದಿದ್ದ. ಎಷ್ಟು ಸುಲಭ ನೋಡಿ ಎಂದು ತನ್ನ ಫೋನಿನಲ್ಲಿ ಆ್ಯಪ್ ತೆರೆದು ತೋರಿಸಿದ. ಅದೇ ಬ್ಯಾಂಕಿನಲ್ಲಿರುವ ನಿಮ್ಮಿಬ್ಬರ ಜಂಟಿ ಖಾತೆ. ಮೊನ್ನೆ ನೀನು ನಿನ್ನ ಫೋನಿನಲ್ಲಿ ಅದನ್ನು ತೆರೆದಿದ್ದೀಯ. ಎಲ್ಲಿಂದ ತೆರೆದದ್ದು ಎಂಬ ಸಾಲಿನಲ್ಲಿ ನೀನಿರುವ ಊರಿನ ಹೆಸರಿತ್ತು. "ಭಾನುವಾರ ಹೋಗಿ ಕರ್ಕೊಂಡು ಬರ್ತೀನಿ ಅತ್ತೆ" ಎಂದ. ಅವನ ಕೈಗೆ ಇನ್ನೂ ಏನೇನು ಸಿಕ್ಕಿದೆಯೋ, ಫೋನ್ ಮಾಡಲು ಧೈರ್ಯ ಬರಲಿಲ್ಲ. ಇದನ್ನು ಹಿಡಿದು ಲೈಬಾ ಗೊರಗುಂಟೆಪಾಳ್ಯದಿಂದ ಈಗಲೇ ಬಸ್ ಹತ್ತುತ್ತಾಳೆ. ನಿನ್ನ ಆ ಫೋನನ್ನು ಅಲ್ಲೇ ಬಿಟ್ಟು ಅವಳ ಜೊತೆ ಹೊರಟುಬಿಡು.