ಕಫದ ಬಟ್ಟಲು

ಜಯನಗರ
ಸೋಮವಾರ, ಬೆಳಗ್ಗೆ

ಸೇತುರಾಮ ಅವರಿಗೆ,

ಗಂಡನ ಹೆಸರು ಬರೆದಳಲ್ಲ ಎಂದು ಹುಬ್ಬೇರಿಸಬೇಡಿ. ಆಸ್ಪತ್ರೆಯ ಕೌಂಟರಿನಲ್ಲಿ ಹೇಳಿ ಹೇಳಿ ರೂಢಿಯಾಗಿದೆ. ನೀವು ಮಲಗಿದ್ದೀರಿ, ಎಬ್ಬಿಸಲಿಲ್ಲ. ಸುರಭಿ ಅಳುತ್ತ ಫೋನ್ ಮಾಡಿದಳೆಂದು ಬಂದವಳು ನಾನು. ಈಗ ಪದ್ಮನಾಭನಗರಕ್ಕೆ, ತಂಗಿಯ ಮನೆಗೆ ವಾಪಸು ಹೊರಟಿದ್ದೇನೆ. ಸುರಭಿ ಏನಾದರೂ ಹೇಳಿದರೆ ಮಗಳೆಂದು ಗದರಿಸಿ ಬಾಯಿ ಮುಚ್ಚಿಸುತ್ತೀರಿ ಎಂದು ಗೊತ್ತು, ಅದಕ್ಕೇ ಈ ಕಾಗದ.

ಜ್ವರ ಬಿಟ್ಟಿದೆ, ನ್ಯುಮೋನಿಯಾ ಪೂರ್ತಿ ಬಿಟ್ಟಿಲ್ಲ. ಬಲಗಡೆ ಶ್ವಾಸಕೋಶದಲ್ಲಿ ಇನ್ನೂ ಕಫವಿದೆ. ಅದು ಹೊರಗೆ ಬರದಿದ್ದರೆ ಮತ್ತೆ ಆಸ್ಪತ್ರೆ, ಮತ್ತೆ ಆಕ್ಸಿಜನ್. ಈ ವಯಸ್ಸಿನ ಎದೆ ಎರಡನೇ ಸಲ ತಡೆಯುತ್ತದೆಂದು ಯಾವ ಡಾಕ್ಟರೂ ಹೇಳಲಿಲ್ಲ. ಹಾಸಿಗೆಯಲ್ಲಿ ಕೂತು ಉಗುಳಿದರೆ ಮೈಲಿಗೆ ಎಂದು ನೀವು ಕೆಮ್ಮನ್ನೇ ತಡೆಹಿಡಿದಿರಿ. ಮಡಿ ಉಳಿಯಿತು, ಉಸಿರು ಹೋಗುವುದರಲ್ಲಿತ್ತು.

ಚಪ್ಪಟೆಯಾಗಿ ಮಲಗಬೇಡಿ, ಬೆನ್ನಿಗೆ ದಿಂಬು ಒರಗಿಸಿ ಕೂತಿರಿ. ಮಕ್ಕಳ ಆಟಿಕೆ ಎಂದು ನೀವು ನಕ್ಕ ಆ ಮೂರು ಗುಂಡಿನ ಸ್ಪೈರೋಮೀಟರನ್ನು ಬಾಯಿಗಿಟ್ಟು ನಿಧಾನವಾಗಿ ಉಸಿರೆಳೆಯಿರಿ. ಪ್ರಾಣಾಯಾಮ ಮಾಡುವವರಿಗೆ ಅದೇನು ಮಹಾ. ಕೆಮ್ಮುವಾಗ ನೋವಾದರೆ ದಿಂಬನ್ನು ಎದೆಗೆ ಅವಚಿಕೊಳ್ಳಿ. ಬಿಸಿನೀರು ಕುಡಿಯುತ್ತಿರಿ. ಏಕಾದಶಿ ಉಪವಾಸವೆಂದು ಮಾತ್ರೆ ತಪ್ಪಿಸಬೇಡಿ. ಬೆರಳಿಗೆ ಹಾಕುವ ಆಕ್ಸಿಜನ್ ಮೀಟರು ತೊಂಬತ್ನಾಲ್ಕಕ್ಕಿಂತ ಕೆಳಗಿಳಿದರೆ ಸುರಭಿ ಡಾಕ್ಟರಿಗೆ ಫೋನ್ ಮಾಡುತ್ತಾಳೆ, ಅಡ್ಡ ಬರಬೇಡಿ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಗೆ ಎರಡೂ ಬಂದವು. ನಾನು ನರ್ಸ್ ಆಗಿದ್ದಷ್ಟು ಕಾಲವೂ, ಡ್ಯೂಟಿ ಮುಗಿಸಿ ಬಂದರೆ ಹಿತ್ತಿಲ ಬಾಗಿಲಲ್ಲೇ ನಿಲ್ಲಿಸಿ, "ಯಾರ್ಯಾರದೋ ಕಫ ಮುಟ್ಟಿರ್ತೀಯ, ತಲೆಗೆ ಸ್ನಾನ ಮಾಡ್ಕೊಂಡೇ ಅಡುಗೆಮನೆಗೆ ಬಾ" ಅನ್ನುತ್ತಿದ್ದಿರಿ. ನಿವೃತ್ತಿಯ ದಿನ ಶಾಲು ಹಾರ ಹೊತ್ತು ಬಂದಾಗಲೂ ಅದೇ ಮಾತು. ಆ ವಾರವೇ ಮನೆ ಬಿಟ್ಟೆ. ಅವತ್ತಿನ ನೋವು ಇನ್ನೂ ಹೋಗಿಲ್ಲ, ಸುಳ್ಳೇಕೆ ಹೇಳಲಿ.

ಬಟ್ಟಲು ಮಂಚದ ಪಕ್ಕದಲ್ಲೇ ಇದೆ. ಕೆಮ್ಮಿ, ಅದರಲ್ಲಿ ಉಗುಳಿ. ಕಫದ ಬಣ್ಣ ಬದಲಾದರೆ ಏನು ಮಾಡಬೇಕೆಂದು ಸುರಭಿಗೆ ಹೇಳಿಕೊಟ್ಟಿದ್ದೇನೆ. ಅವಳನ್ನು ಹಿತ್ತಿಲಲ್ಲಿ ನಿಲ್ಲಿಸಬೇಡಿ.

ಇಂತಿ,
ಪಂಕಜಾ

ತಾ.ಕ.: ನಿನ್ನೆ ಬಟ್ಟಲು ತೊಳೆಯಲು ಹೊರಟಾಗ ಹಿಂದಿನಿಂದ ನೀವು, "ಕೈ ತೊಳ್ಕೊಂಡು ಬಂದ್ಬಿಡು, ಸಾಕು. ಹಸಿವಾಗ್ತಿದೆ" ಅಂದಿರಿ. ನನಗೆ ಕೇಳಿಸಲಿಲ್ಲ ಅಂದುಕೊಂಡಿರಬಹುದು. ಕೇಳಿಸಿತು. ಗುರುವಾರ ಸಾರು ಮಾಡಲು ಬರುತ್ತೇನೆ, ಮುಂಬಾಗಿಲಿನಿಂದ. ಎದ್ದು ಬಂದು ಬಾಗಿಲು ತೆಗೆಯುವಷ್ಟು ಉಸಿರು ಕೂಡಿಸಿಕೊಂಡಿರಿ.