ಬಣ್ಣವಿಲ್ಲದ ಕೋಣೆಗೆ ನೀರಿಲ್ಲ

ನೆರಳುಪೇಟೆ, ಕೃಷ್ಣೆಯ ದಂಡೆ
ಫೆಬ್ರುವರಿ ೩೦, ೨೨೮೬

ಪರದೆಯ ಮುಂದೆ ಕೂತು ಬಣ್ಣ ಆರಿಸುತ್ತಿರುವ ಹಿರಿಯರಿಗೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳಿಗೆ ಹೆಸರಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಹಾಗೆಯೇ. 'ಬಿಸಿಲಲ್ಲಿ ಪೇಟೆಗೆ ಹೋಗಿಬಂದೆ' ಎಂದು ನಿಮ್ಮಲ್ಲಿ ಯಾರೋ ಸಲೀಸಾಗಿ ಬರೆದಿದ್ದನ್ನು ಓದಿ ನಾನೂ ನನ್ನ ಅಕ್ಕ ಹುಲಿಗೆಮ್ಮನೂ ನಕ್ಕಿದ್ದೆವು. ಇಲ್ಲಿ ಬಿಸಿಲಿಗೆ ಹೋದವರು ತಿರುಗಿ ಬರುವುದಿಲ್ಲ.

ಇಡೀ ಊರಿಗೆ ಒಂದೇ ಸೂರು. ಯಾರು ಎಲ್ಲಿ ನಡೆದರು, ಎಷ್ಟು ಹೊತ್ತು ನಿಂತರು ಎಂದು ಆ ಸೂರಿನ ಕಣ್ಣುಗಳು ನೋಡುತ್ತಲೇ ಇರುತ್ತವೆ. ಅದೆಲ್ಲ ಕಾವುಪಟದಲ್ಲಿ ಮೂಡುತ್ತದೆ. ಕಾವುಪಟವೆಂದರೆ ಊರಿನ ನಕ್ಷೆಯ ಮೇಲೆ ಹಾಸಿದ ಬಣ್ಣದ ಪದರ: ಓಡಾಟ ಜಾಸ್ತಿ ಇದ್ದಲ್ಲಿ ಕೆಂಪು, ಸಾಧಾರಣವಿದ್ದಲ್ಲಿ ಹಳದಿ, ತೀರ ಕಡಿಮೆ ಇದ್ದಲ್ಲಿ ನೀಲಿ. ಗಿರಾಕಿಗಳು ಯಾವ ಕಪಾಟಿನ ಮುಂದೆ ನಿಂತರು ಎಂದು ತಿಳಿಯಲು ನಿಮ್ಮ ಕಾಲದ ಅಂಗಡಿಗಳಲ್ಲಿ ಮಾಡಿಕೊಂಡದ್ದಂತೆ ಇದು. ನಮ್ಮಲ್ಲಿ ನೀರು ಬಿಡುವ ಯಂತ್ರ ಅದನ್ನು ನೋಡಿ ನಲ್ಲಿ ತೆರೆಯುತ್ತದೆ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅಕ್ಕನ ಕೋಣೆ ನೀಲಿ. ಅವಳಿಗೆ ಬರುತ್ತಿದ್ದ ನೀರು ಸ್ವಲ್ಪವೇ, ಆದರೂ ಬರುತ್ತಿತ್ತು.

ಹೋದ ಉಗಾದಿಗೆ ಕಾವುಪಟವನ್ನು ಚಾವಡಿಯ ಗೋಡೆಗೆ ಹಾಕಿದರು. ನೀಲಿ ಕಲೆಗಳು ಏಟು ತಿಂದ ಮೈಯ ಹಾಗೆ ಕಾಣುತ್ತವೆ, ಹಬ್ಬಕ್ಕೆ ಚೆನ್ನಾಗಿಲ್ಲ ಎಂದು ಜನ ಗೊಣಗಿದರು. ಪಟ ನೋಡಿಕೊಳ್ಳುವ ಬಸಲಿಂಗ ಒಳ್ಳೆಯವನು, ಯಾರಿಗೂ ಇಲ್ಲವೆನ್ನಲಾರ. ನೀವು ಬಿಟ್ಟುಹೋದ ಸೆಟ್ಟಿಂಗ್ಸ್ ತೆರೆದು ಕೆಂಪನ್ನು ಕುಂಕುಮದ ಬಣ್ಣಕ್ಕೆ ತಂದ, ಹಳದಿಯನ್ನು ಅರಿಶಿನಕ್ಕೆ. ನೀಲಿಯನ್ನು ಪೂರ್ತಿ ಪಾರದರ್ಶಕ ಮಾಡಿಬಿಟ್ಟ. ಕೆಳಗಿನ ನಕ್ಷೆ ಸ್ವಚ್ಛವಾಗಿ ಕಂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಯಂತ್ರ ನೋಡುವುದು ಬಣ್ಣವನ್ನು, ಮನುಷ್ಯರನ್ನಲ್ಲ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಮರುದಿನ ಅಕ್ಕನ ನಲ್ಲಿಯಲ್ಲಿ ನೀರು ಬರಲಿಲ್ಲ.

ಬಸಲಿಂಗ ಬಂದು ನೋಡಿ ತಪ್ಪು ತನ್ನದೇ ಎಂದು ಒಪ್ಪಿಕೊಂಡ. ನೀಲಿಯನ್ನು ಮರಳಿ ತರಲು ಊರು ಒಪ್ಪಬೇಕು, ಸಭೆ ಕರೆದ. ಅಷ್ಟರಲ್ಲಿ ಹಾಸಿಗೆ ಹಿಡಿದವರ ನೀರು ಉಳಿದವರ ನಲ್ಲಿಗಳಿಗೆ ಹರಿದು, ಮನೆಮನೆಗೂ ಒಂದಿಷ್ಟು ಹೆಚ್ಚು ಸಿಗುತ್ತಿತ್ತು. ಮುಂದಿನ ಉಗಾದಿಗೆ ನೋಡೋಣ ಎಂದರು. ಎಂಥ ನಯವಾದ ಜನ ನೋಡಿ ನಮ್ಮವರು, ಒಬ್ಬರೂ ದನಿ ಏರಿಸಲಿಲ್ಲ.

ನಾನು ಅಕ್ಕನ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗೋಡೆಯಿಂದ ಗೋಡೆಗೆ ನಡೆಯತೊಡಗಿದೆ. ಅವಳ ಕೋಣೆ ಹಳದಿಯಾಯಿತು; ಪಕ್ಕದ ನನ್ನ ಕೋಣೆ ಬಣ್ಣ ಕಳೆದುಕೊಂಡಿತು. ಒಬ್ಬರ ನೀರಲ್ಲಿ ಇಬ್ಬರು ಬದುಕಬೇಕಿತ್ತು. ನಾನು ಅತ್ತ ತಿರುಗಿದಾಗಲೆಲ್ಲ ಅವಳು ತನ್ನ ಪಾಲನ್ನು ನನ್ನ ತಂಬಿಗೆಗೆ ಸುರಿಯುತ್ತಿದ್ದಳು. ಒಂದು ದಿನ ಕೈ ಹಿಡಿದುಬಿಟ್ಟೆ.

"ಸಾಕ್ಮಾಡ ತಂಗಿ, ಕಾಲು ಬಾತಾವ ನಿನ್ನವು," ಅಂದಳು. "ನಾ ಎಷ್ಟ್ ಕುಡುದ್ರೂ ಎದ್ದು ಅಡ್ಡಾಡಾಂಗಿಲ್ಲ."

ಬಾಯಿಗೆ ಬಂದಂತೆ ಬೈದೆ. ಆಮೇಲೆ ಅವಳ ಪಕ್ಕ ಕೂತು ಅತ್ತುಬಿಟ್ಟೆ.

ಕಡುಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಅಂದೂ ಪಟದಲ್ಲಿ ಅವಳ ಕೋಣೆ ಹಳದಿಯಾಗಿಯೇ ಇತ್ತು, ಹೊತ್ತಿಗೆ ಸರಿಯಾಗಿ ನೀರೂ ಬಂತು. ಅಲ್ಲಿ ಓಡಾಡುತ್ತಿದ್ದವಳು ನಾನಲ್ಲವೇ.

ಮುಂದಿನ ತಿಂಗಳು ಮತ್ತೆ ಉಗಾದಿ. ಹಳದಿಯೂ ಸ್ವಲ್ಪ ಕಣ್ಣಿಗೆ ಚುಚ್ಚುತ್ತದೆ ಎಂದು ಜನ ಈಗಾಗಲೇ ಮಾತಾಡಿಕೊಳ್ಳುತ್ತಿದ್ದಾರೆ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಬಣ್ಣಗಳನ್ನು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ. ಆದರೆ ತೀರ ಕಡಿಮೆಯದಕ್ಕೂ ಒಂದು ಬಣ್ಣ ಇರಲಿ, ಎಷ್ಟೇ ವಿಕಾರವಾದದ್ದಾದರೂ ಸರಿ. ಅದನ್ನು ಕಾಣದಂತೆ ಮಾಡುವ ಗುಂಡಿಯನ್ನು ಮಾತ್ರ ಮಾಡಬೇಡಿ.

ಬರೆಯುತ್ತ ಕೂತು ಬಹಳ ಹೊತ್ತಾಯಿತು, ನನ್ನ ಕೋಣೆ ಮಾಸುತ್ತಿದೆ. ಎದ್ದು ನಡೆಯಬೇಕು.

ನಿಮ್ಮ ಮರಿಮಕ್ಕಳ ಮರಿಮಗಳು,
ಯಂಕಮ್ಮ